ಹಣ ಮುಟ್ಟಿತೆ?

ನಮ್ಮ ಭಾಷೆಯಲ್ಲಿ 'ಮುಟ್ಟು' ಎಂಬ ಮಾತಿಗೆ ಎರಡು ಅರ್ಥ ಇದೆ. ಕೈ ತಾಗಿಸುವುದು ಒಂದು, ತಲುಪುವುದು ಇನ್ನೊಂದು. 'ಕಾಗದ ಮುಟ್ಟಿತು', 'ದುಡ್ಡು ಮುಟ್ಟಿತು' ಅಂತೀವಿ. 'ಮುಟ್ಟಬೇಡ, ದೂರ ನಿಲ್ಲು' ಅಂತಲೂ ಇದೇ ಮಾತಿನಲ್ಲಿ ಹೇಳಿಸಿಕೊಂಡಿದ್ದೀವಿ. ಮೊದಲನೆಯ ಅರ್ಥದ ಮೇಲೆ ಈ ನಾಡಿನ ಜಾತಿವ್ಯವಸ್ಥೆ ನಿಂತಿದೆ. ಎರಡನೆಯ ಅರ್ಥದ ಮೇಲೆ ಕೂಲಿಯವರ ಹೊಟ್ಟೆ ನಿಂತಿದೆ. 2020ರ ಕೊರೊನಾ ಕಾಲದಲ್ಲಿ ಈ ಎರಡು ಅರ್ಥಗಳೂ ಒಂದೇ ಜಾಗಕ್ಕೆ ಬಂದು ಎದುರುಬದುರಾದವು. ಯಾರನ್ನೂ ಮುಟ್ಟದೆ ಹಣ ಮುಟ್ಟಿಸಬೇಕು ಎಂಬುದು ಆಗ ಸರ್ಕಾರದಿಂದ ಹಿಡಿದು ಸೊಪ್ಪಿನ ಅಂಗಡಿಯವರೆಗೆ ಎಲ್ಲರ ಮಾತಾಯಿತು.

ಫೋನಿನಲ್ಲಿ ಬಂದ ಬ್ಯಾಂಕು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಇಲ್ಲಿ ನಮ್ಮ ಪ್ರಶ್ನೆಯಲ್ಲ. ಅಂಥ ಪ್ರಶ್ನೆಗೆ ಉತ್ತರವೂ ಇಲ್ಲ. ನಮ್ಮ ಪ್ರಶ್ನೆ ಇಷ್ಟೆ: ಕೊಡಬೇಕಾದವನಿಗೆ 'ಕೊಟ್ಟೆ' ಎಂದು ಹೇಳುವ ಹಕ್ಕು ಹುಟ್ಟುವುದು ಯಾವಾಗ? ತನ್ನ ಲೆಕ್ಕದಲ್ಲಿ ಬರೆದುಕೊಂಡಾಗಲೋ, ಪಡೆಯಬೇಕಾದವರ ಕೈಗೆ ಬಿದ್ದಾಗಲೋ? ಇದನ್ನು ಬ್ಯಾಂಕಿನ ಗುಮಾಸ್ತರಿಗೆ ಬಿಟ್ಟು ಸುಮ್ಮನಾಗುವಂತಿಲ್ಲ. ಇದು ನೀತಿಯ ಪ್ರಶ್ನೆ.

ಮೊದಲು ನಡೆದದ್ದನ್ನು ನೋಡೋಣ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಭಾಷಣ ಮಾಡಿದರು. ನಡುರಾತ್ರಿ ಹೊತ್ತಿಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ನೋಟು ಬಿಡಿ, ಡಿಜಿಟಲ್ ಪಾವತಿ ಬಳಸಿ ಎಂದು ರಿಸರ್ವ್ ಬ್ಯಾಂಕು ಆ ತಿಂಗಳಲ್ಲೇ ಜನಕ್ಕೆ ಹೇಳಿತ್ತು. ಅಂದಿನಿಂದಲೇ ಎಲ್ಲರೂ ಫೋನಿಗೆ ತಿರುಗಿದರು ಅಂತ ಈಗ ಕತೆ ಕಟ್ಟುವವರಿದ್ದಾರೆ. ಅಂಕಿಗಳು ಹಾಗೆ ಹೇಳುವುದಿಲ್ಲ. ಯುಪಿಐ ಎಂಬ ಫೋನಿನ ಪಾವತಿ ಆ ವರ್ಷದ ಫೆಬ್ರವರಿಯಲ್ಲಿ ಸುಮಾರು 132 ಕೋಟಿ ಸಲ ನಡೆದಿತ್ತು. ಏಪ್ರಿಲ್‌ನಲ್ಲಿ ಅದು ಸುಮಾರು 100 ಕೋಟಿಗೆ ಇಳಿಯಿತು. ಅಂಗಡಿಯೇ ಮುಚ್ಚಿರುವಾಗ, ಕೂಲಿಯೇ ಇಲ್ಲದಿರುವಾಗ ಯಾವ ಫೋನಿನಿಂದ ಏನು ಕೊಳ್ಳುವುದು? ಬಾಗಿಲು ತೆರೆದ ಮೇಲೆ ಜೂನ್ ಹೊತ್ತಿಗೆ ಅದು ಮೊದಲಿನ ಮಟ್ಟಕ್ಕೆ ಬಂತು. ಅಕ್ಟೋಬರ್‌ನಲ್ಲಿ 200 ಕೋಟಿ ದಾಟಿತು. 2023ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿಗೆ 1,000 ಕೋಟಿ ದಾಟಿತು. ಟೀ ಅಂಗಡಿ, ಬೋಂಡದ ಗಾಡಿ, ಹೂವಿನ ಬುಟ್ಟಿ, ಎಲ್ಲಿ ನೋಡಿದರೂ ಆ ಕಪ್ಪುಬಿಳಿ ಚೌಕ ಬಂದು ಕೂತಿತು.

ಅದೇ ಕಾಲದಲ್ಲಿ ಇನ್ನೂ ಎರಡು ಸಂಗತಿ ನಡೆದವು. ಅವುಗಳ ಬಗ್ಗೆ ಮಾತು ಕಡಿಮೆ. ಒಂದು, 2020-21ರಲ್ಲಿ ದೇಶದಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯ ಶೇಕಡ 16.8ರಷ್ಟು ಹೆಚ್ಚಿತು. ಅಂದರೆ ಫೋನು ಹಿಡಿದ ಜನವೇ ಕಷ್ಟಕಾಲಕ್ಕೆ ಇರಲಿ ಅಂತ ಮನೆಯಲ್ಲಿ ನೋಟನ್ನೂ ಇಟ್ಟುಕೊಂಡರು. ಎರಡು, ಯುಪಿಐ ಇಳಿದ ಆ ಏಪ್ರಿಲ್‌ನಲ್ಲಿ ಇನ್ನೊಂದು ಬಗೆಯ ಬ್ಯಾಂಕ್ ವ್ಯವಹಾರ ಏರಿತು. ಅದು ಆಧಾರ್ ಸಂಖ್ಯೆ ಹೇಳಿ, ಸಣ್ಣ ಯಂತ್ರದ ಗಾಜಿನ ಮೇಲೆ ಬೆರಳಿಟ್ಟು ದುಡ್ಡು ತೆಗೆಯುವ ವ್ಯವಹಾರ. ಅದಕ್ಕೆ ಫೋನು ಬೇಡ, ಓದು ಬೇಡ. ಬ್ಯಾಂಕಿನ ಪರವಾಗಿ ಹಳ್ಳಿಯಲ್ಲಿ ಕೂತ 'ಬ್ಯಾಂಕ್ ಮಿತ್ರ' ಬೇಕು, ನಮ್ಮ ಬೆರಳು ಬೇಕು.

ಹೀಗೆ ಒಂದೇ ರೋಗ, ಒಂದೇ ನಿರ್ಬಂಧ, ಆದರೆ ಬ್ಯಾಂಕಿಗೆ ದಾರಿ ಎರಡಾಯಿತು. ಒಂದು ದಾರಿಯಲ್ಲಿ ಮನೆಯ ಸೋಫಾದ ಮೇಲೆ ಕೂತವರು ಯಾರನ್ನೂ ಮುಟ್ಟದೆ ದುಡ್ಡು ಕಳಿಸಿದರು. ಇನ್ನೊಂದು ದಾರಿಯಲ್ಲಿ ಬಿಸಿಲಲ್ಲಿ ಸಾಲು ನಿಂತವರು ಹತ್ತಾರು ಜನ ಬೆರಳಿಟ್ಟ ಅದೇ ಗಾಜಿನ ಮೇಲೆ ತಮ್ಮ ಬೆರಳನ್ನೂ ಇಟ್ಟರು. ಮುಟ್ಟಬೇಡಿ ಎಂಬ ಆಜ್ಞೆ ಎಲ್ಲರಿಗೂ ಒಂದೇ ಇತ್ತು. ಅದನ್ನು ಪಾಲಿಸುವ ಅನುಕೂಲ ಮಾತ್ರ ಊರಿಗೆ ಒಂದು ಥರ, ಕೇರಿಗೆ ಒಂದು ಥರ ಇತ್ತು.

ಮುಟ್ಟದೆ ಹಣ ಕೊಡುವ ವಿದ್ಯೆ ಈ ದೇಶಕ್ಕೆ ಫೋನಿನಿಂದ ಬಂದದ್ದಲ್ಲ. ನಮ್ಮ ಹಿರಿಯರನ್ನು ಕೇಳಿ. ಬಟವಾಡೆಯ ದಿನ ಧಣಿಯ ಕೈ ಮೇಲೆ, ಆಳಿನ ಕೈ ಕೆಳಗೆ, ನಡುವೆ ಒಂದು ಗೇಣು ಗಾಳಿ. ಕಾಸು ಮೇಲಿಂದ ಬೀಳುತ್ತಿತ್ತು. ಹೆಂಗಸರು ಸೆರಗೊಡ್ಡಬೇಕಾಗಿತ್ತು. ಅಂಗಡಿಯಲ್ಲಿ ನಾವು ಕಾಸನ್ನು ನೆಲದ ಮೇಲೆ ಇಟ್ಟು ದೂರ ಸರಿಯಬೇಕು, ಅಂಗಡಿಯವ ನೀರು ಚಿಮುಕಿಸಿ ಎತ್ತಿಕೊಳ್ಳಬೇಕು. ತಮಾಷೆ ನೋಡಿ, ಕಾಸಿನ ಮೈಲಿಗೆ ಒಂದು ಹನಿ ನೀರಿಗೆ ಹೋಗುತ್ತಿತ್ತು, ಕಾಸು ತಂದವನ ಮೈಲಿಗೆ ಮಾತ್ರ ಯಾವ ಕೆರೆಯ ನೀರಿಗೂ ಹೋಗುತ್ತಿರಲಿಲ್ಲ. ಹಣಕ್ಕೆ ಕೊಟ್ಟ ವಿನಾಯಿತಿಯನ್ನು ಮನುಷ್ಯನಿಗೆ ಕೊಡಲಿಲ್ಲ.

2020ರಲ್ಲಿ 'ಸಾಮಾಜಿಕ ಅಂತರ ಕಾಪಾಡಿ' ಎಂಬ ಮಾತು ಗೋಡೆಗೋಡೆಯ ಮೇಲೆ ಬಂತು. ರೋಗ ತಡೆಯಲು ಬೇಕಾಗಿದ್ದದ್ದು ಮೈಯಿಂದ ಮೈಗೆ ಅಂತರ. ಆದರೂ ಬಾಯಿಗೆ ಬಂದ ಮಾತು 'ಸಾಮಾಜಿಕ'! ಈ ಸಮಾಜಕ್ಕೆ ಅಂತರ ಕಾಪಾಡುವುದನ್ನು ಹೊಸದಾಗಿ ಕಲಿಸಬೇಕಾಗಿತ್ತೆ? ಕೆಲವು ತಿಂಗಳ ಮಟ್ಟಿಗೆ ಎಲ್ಲ ಜಾತಿಯವರೂ ಒಬ್ಬರಿಗೊಬ್ಬರು ಅಸ್ಪೃಶ್ಯರಾದರು. ಕೊಟ್ಟ ನೋಟನ್ನು ಚಿಮಟದಲ್ಲಿ ಹಿಡಿದರು, ಬಿಸಿಲಿಗೆ ಹಾಕಿದರು, ಇಸ್ತ್ರಿ ಮಾಡಿದರು. ಎದುರಿನವನು ಹೇಸಿಕೊಂಡು ಹಿಂದೆ ಸರಿದರೆ ಒಳಗೆ ಏನಾಗುತ್ತದೆ ಎಂಬುದು ಆಗ ಸ್ವಲ್ಪ ಗೊತ್ತಾಗಿರಬೇಕು. ಗೊತ್ತಾದದ್ದು ಎಷ್ಟು ದಿನ ಉಳಿಯಿತು ಎಂಬುದನ್ನು ಓದುಗರೇ ತಮ್ಮ ತಮ್ಮ ಊರಿನ ಹೋಟೆಲಿನಲ್ಲಿ, ದೇವಸ್ಥಾನದಲ್ಲಿ, ಕ್ಷೌರದಂಗಡಿಯಲ್ಲಿ ನೋಡಿಕೊಳ್ಳಲಿ.

ಇಲ್ಲೇ ಒಂದು ಮುಖ್ಯ ವಿಚಾರ ಇದೆ. ಮನೆಯೊಳಗೆ ಕೂತು ಫೋನಿನಲ್ಲಿ ಹಣ ಕಟ್ಟಿದವರು ನಾವು ಯಾರನ್ನೂ ಮುಟ್ಟಲಿಲ್ಲ ಅಂದುಕೊಂಡರು. ಆದರೆ ಆ ಹಣಕ್ಕೆ ಬಂದ ಅಕ್ಕಿಯನ್ನು ಯಾರೋ ಹೊತ್ತರು, ಯಾರೋ ತುಂಬಿದರು, ಯಾರೋ ಗಾಡಿಯಲ್ಲಿ ತಂದು ಬಾಗಿಲಲ್ಲಿಟ್ಟರು. ಅವರ ಮನೆಯ ಕಸವನ್ನು ಬೆಳಿಗ್ಗೆ ಪೌರಕಾರ್ಮಿಕರು ಕೈಯಾರೆ ಎತ್ತಿದರು. ಜ್ವರ ಬಂದವರ ಮನೆಗೆ ಆಶಾ ಕಾರ್ಯಕರ್ತೆಯರು ನಡೆದು ಹೋದರು. ಕೆಲವರು ಮುಟ್ಟದೆ ಇರಲು ಇನ್ನು ಕೆಲವರು ಮುಟ್ಟಲೇಬೇಕಾಯಿತು. ಇದು ಜಾತಿಯ ಹಳೆಯ ಲೆಕ್ಕವೇ. ಒಬ್ಬರ ಮಡಿ ಇನ್ನೊಬ್ಬರ ಮೈಲಿಗೆಯ ದುಡಿಮೆಯಿಂದಲೇ ನಡೆಯುವುದು. ಫೋನು ಈ ಲೆಕ್ಕವನ್ನು ಹುಟ್ಟಿಸಲಿಲ್ಲ, ಕಣ್ಣಿಗೆ ಬೀಳದ ಹಾಗೆ ಮಾಡಿತು.

ಹಂಗಂತ ನೋಟಿನ ಕಾಲ ಸತ್ಯಯುಗ ಅಂತ ನಾವು ಹೇಳುತ್ತಿಲ್ಲ. ನೋಟು ಕೈಯಿಂದ ಕೈಗೆ ಬರುವಾಗ ನಡುವೆ ಇದ್ದ ಕೈಗಳನ್ನು ನಾವು ಬಲ್ಲೆವು. ಮೇಸ್ತ್ರಿಯ ಕೈ, ಗುತ್ತಿಗೆದಾರನ ಕೈ, ಪಿಂಚಣಿ ಕೊಡಿಸಲು 'ಖರ್ಚಿಗೆ' ಅಂತ ಹಿಡಿದುಕೊಳ್ಳುವ ಕೈ. ಕೂಲಿ ನೇರವಾಗಿ ಖಾತೆಗೆ ಬಂದರೆ ಈ ಕೈಗಳಿಗೆ ಕೆಲಸ ಇಲ್ಲ. ಕಾಸಿಗಾಗಿ ಸೆರಗೊಡ್ಡುವುದೂ ಇಲ್ಲ. ತನ್ನ ಹೆಸರಿನ ಖಾತೆ, ತನ್ನ ಹೆಸರಿನ ಪಾಸ್‌ಬುಕ್ ಎಂಬುದು ಕೇರಿಯ ಹೆಂಗಸಿಗೆ ಸಣ್ಣ ಸಂಗತಿಯಲ್ಲ. 2014ರ ಆಗಸ್ಟ್‌ನಲ್ಲಿ ಶುರುವಾದ ಜನಧನ್ ಖಾತೆ ಇಲ್ಲದಿದ್ದರೆ 2020ರಲ್ಲಿ ಆ ಹೆಂಗಸರಿಗೆ ದುಡ್ಡು ಕಳಿಸಲು ವಿಳಾಸವೇ ಇರುತ್ತಿರಲಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು.

2016ರ ನವೆಂಬರ್ 8ರಂದು 500 ಮತ್ತು 1,000ದ ನೋಟುಗಳು ರದ್ದಾದವು. ಡಿಸೆಂಬರ್ 30ರಂದು ಫೋನಿನಲ್ಲಿ ಹಣ ಕಳಿಸುವ ಸರ್ಕಾರದ ಆ್ಯಪ್ ಬಂತು. ಅದಕ್ಕೆ 'ಭೀಮ್' ಎಂದು ಬಾಬಾಸಾಹೇಬರ ಹೆಸರಿಟ್ಟರು. ಹೆಸರಿಟ್ಟದ್ದು ಸರಿ. ಹಣದ ವಿಚಾರದಲ್ಲಿ ಅಂಬೇಡ್ಕರರಿಗಿಂತ ಅರ್ಹ ಹೆಸರು ಈ ದೇಶದಲ್ಲಿ ಇನ್ಯಾರದು? 1923ರಲ್ಲಿ ಅವರು ಲಂಡನ್ನಿನಲ್ಲಿ 'ರೂಪಾಯಿಯ ಸಮಸ್ಯೆ' ಎಂಬ ಗ್ರಂಥ ಪ್ರಕಟಿಸಿದರು. ಹಣಕಾಸಿನ ವಿಚಾರಣೆಗೆ ಬ್ರಿಟಿಷ್ ಸರ್ಕಾರ ನೇಮಿಸಿದ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷಿ ನುಡಿದರು. ರೂಪಾಯಿಯ ಬೆಲೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬ ವಾದದಲ್ಲಿ ಎಲ್ಲರೂ ವ್ಯಾಪಾರಕ್ಕೆ ಲಾಭವೋ ನಷ್ಟವೋ ಅಂತ ಲೆಕ್ಕ ಹಾಕುತ್ತಿದ್ದಾಗ ಅವರು ಇನ್ನೊಂದು ಪ್ರಶ್ನೆ ಎತ್ತಿದರು. ರೂಪಾಯಿಯ ಬೆಲೆ ಇಳಿದು ವ್ಯಾಪಾರಿಗೆ ಬಂದ ಲಾಭ ಎಲ್ಲಿಂದ ಬಂತು? ಸಾಮಾನಿನ ದರ ಏರಿದಷ್ಟು ಕೂಲಿ ಏರಲಿಲ್ಲ, ಹಾಗಾಗಿ ಅದು ಕೂಲಿಯವನ ಜೇಬಿನಿಂದಲೇ ಬಂತು ಎಂದು ತೋರಿಸಿದರು. ಹಣದ ವ್ಯವಸ್ಥೆ ಬದಲಾದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಅದು: ಅನುಕೂಲ ಯಾರಿಗೆ, ಅದರ ನಷ್ಟ ಹೊರುವವರು ಯಾರು? ಹೆಸರನ್ನು ಆ್ಯಪಿಗೆ ಇಟ್ಟವರು ಪ್ರಶ್ನೆಯನ್ನೂ ಜೊತೆಗೆ ಇಟ್ಟುಕೊಳ್ಳಬೇಕಾಗಿತ್ತು.

ಆ ಪ್ರಶ್ನೆಯನ್ನು 2020ರ ಐನೂರು ರೂಪಾಯಿಗೆ ಹಾಕಿ ನೋಡೋಣ. ಮಾರ್ಚ್ 26ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ಜನಧನ್ ಖಾತೆ ಇರುವ ಹೆಂಗಸರಿಗೆ ತಿಂಗಳಿಗೆ 500ರಂತೆ ಮೂರು ತಿಂಗಳು ಕೊಡುತ್ತೇವೆ ಎಂದರು. ಅಂಥ ಖಾತೆಗಳು ಸುಮಾರು 20 ಕೋಟಿ. ಬ್ಯಾಂಕಿನ ಮುಂದೆ ಗುಂಪು ಸೇರಬಾರದು ಅಂತ ಖಾತೆ ಸಂಖ್ಯೆಯ ಕೊನೆಯ ಅಂಕಿ ನೋಡಿ ದಿನ ಗೊತ್ತುಮಾಡಿದರು. ಸೊನ್ನೆ ಅಥವಾ ಒಂದು ಇದ್ದವರು ಏಪ್ರಿಲ್ 3, ಎರಡು ಅಥವಾ ಮೂರು ಇದ್ದವರು ಏಪ್ರಿಲ್ 4, ಹೀಗೆ 9ನೇ ತಾರೀಖಿನವರೆಗೆ. ರೋಗದ ಕಾಲದಲ್ಲಿ ಇದು ವಿವೇಕದ ಕ್ರಮವೇ. ಆದರೆ ಅಕ್ಷರ ಓದಲು ಬಾರದ ಹೆಂಗಸು ತನ್ನ ಖಾತೆಯ ಕೊನೆಯ ಅಂಕಿಯನ್ನು ಯಾರಿಂದ ತಿಳಿಯಬೇಕು? ಬಸ್ಸಿಲ್ಲದ ದಿನ ಹೋಬಳಿಯ ಬ್ಯಾಂಕಿಗೆ ಹೇಗೆ ಹೋಗಬೇಕು? ದಾರಿಯಲ್ಲಿ ಪೊಲೀಸಿನವರಿಗೆ ಏನು ಹೇಳಬೇಕು? ಸರ್ಕಾರದ ಲೆಕ್ಕದಲ್ಲಿ ಹಣ ಆಗಲೇ ಕೊಟ್ಟಾಗಿದೆ. ಅವಳ ಲೆಕ್ಕದಲ್ಲಿ ಇನ್ನೂ ಬಂದಿಲ್ಲ. ಈ ಎರಡು ಲೆಕ್ಕಗಳ ನಡುವಿನ ದಾರಿಯನ್ನು ನಡೆದವಳು ಅವಳು, ಬರಿಗಾಲಲ್ಲಿ.

ನಡೆದು ಹೋದ ಮೇಲೆ ಬೆರಳಿನ ಪರೀಕ್ಷೆ. ಭತ್ತದ ಗದ್ದೆಯಲ್ಲಿ ನಾಟಿ ಹಾಕಿ, ಕಲ್ಲು ಒಡೆದು, ಇಟ್ಟಿಗೆ ಹೊತ್ತು, ಪಾತ್ರೆ ತಿಕ್ಕಿ ಸವೆದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದೀತು? 'ನಿನ್ನ ಬೆರಳು ಬರ್ತಾ ಇಲ್ಲ ಕಣಮ್ಮ, ಸೆರಗಿಗೆ ಒರೆಸಿಕೊಂಡು ಇನ್ನೊಂದ್ಸಲ ಇಡು' ಎಂಬ ಮಾತನ್ನು ಹಳ್ಳಿಯಲ್ಲಿ ಕೇಳದವರಿಲ್ಲ. 'ಬೆರಳು ಇಲ್ಲೇ ಐತಲ್ಲ ಸ್ವಾಮಿ, ಎಲ್ಲಿಂದ ಬರಬೇಕು?' ಎಂಬ ಉತ್ತರವನ್ನೂ ಕೇಳಿದ್ದೀವಿ. ನಗೆ ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಒಂದು ಕಾಲದಲ್ಲಿ ಸಾಹುಕಾರ ಬರಿ ಕಾಗದದ ಮೇಲೆ ನಮ್ಮವರ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡ. ಅವತ್ತು ನಮ್ಮ ಹೆಬ್ಬೆಟ್ಟಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನಮ್ಮಿಂದ ಕಿತ್ತುಕೊಳ್ಳುವಾಗ ಒಂದೇ ಸಲಕ್ಕೆ ಒಪ್ಪಿಗೆಯಾದ ಹೆಬ್ಬೆಟ್ಟು ನಮಗೆ ಕೊಡುವಾಗ ಮೂರು ಸಲ ಇಟ್ಟರೂ ಒಪ್ಪಿಗೆಯಾಗುವುದಿಲ್ಲ. ದುಡಿದದ್ದಕ್ಕೇ ಬೆರಳು ಸವೆದದ್ದು. ದುಡಿಮೆಯ ಗುರುತನ್ನೇ ಯಂತ್ರ ತಪ್ಪು ಅನ್ನುತ್ತದೆ.

ಇದಕ್ಕೆ ಒಂದು ಎದುರುವಾದ ಇದೆ, ಅದನ್ನು ನ್ಯಾಯವಾಗಿ ಕೇಳಬೇಕು. ಗುರುತು ಹಿಡಿಯದೆ ದುಡ್ಡು ಕೊಟ್ಟರೆ ಕಳ್ಳರು ತಿನ್ನುತ್ತಾರೆ, ಸತ್ತವರ ಹೆಸರಿನಲ್ಲಿ ಪಿಂಚಣಿ ಹೋಗುತ್ತದೆ, ಬಡವರ ಪಾಲನ್ನು ಬಡವರಿಗೇ ಮುಟ್ಟಿಸಲು ಈ ಪರೀಕ್ಷೆ ಬೇಕು ಅನ್ನುತ್ತಾರೆ. ಪರೀಕ್ಷೆ ಬೇಡ ಅಂತ ನಾವೂ ಅನ್ನುವುದಿಲ್ಲ. ಪರೀಕ್ಷೆ ತಪ್ಪಿದಾಗ ಅದರ ದಂಡ ಯಾರು ತೆರಬೇಕು ಅಂತ ಕೇಳುತ್ತೀವಿ. ಯಂತ್ರ ತಪ್ಪಿದರೆ, ಸರ್ವರ್ ನಿಂತರೆ, ಆಧಾರ್ ತಪ್ಪು ಖಾತೆಗೆ ಜೋಡಣೆಯಾದರೆ ಬ್ಯಾಂಕಿಗೆ ಒಂದು ಪೈಸೆ ನಷ್ಟವಿಲ್ಲ. ಅಧಿಕಾರಿಯ ಸಂಬಳ ನಿಲ್ಲುವುದಿಲ್ಲ. ನಿಲ್ಲುವುದು ಅವಳ ಮನೆಯ ಒಲೆ. ತಪ್ಪು ಒಬ್ಬರದು, ಉಪವಾಸ ಇನ್ನೊಬ್ಬರದು ಎಂಬ ವ್ಯವಸ್ಥೆ ಎಷ್ಟೇ ಹೊಸ ಯಂತ್ರ ಇಟ್ಟುಕೊಂಡಿದ್ದರೂ ಹಳೆಯ ಅನ್ಯಾಯವೇ.

ಈ ಪರೀಕ್ಷೆಯೂ ಎಲ್ಲರಿಗೂ ಒಂದೇ ಅಲ್ಲ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಕಡ್ಡಾಯ ಮಾಡುವುದನ್ನು ಹೊಡೆದುಹಾಕಿತು. ಸರ್ಕಾರದ ಸವಲತ್ತಿಗೆ ಆಧಾರ್ ಕೇಳಬಹುದು ಎಂದಿತು. 2024ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಕೂಲಿಗೂ ಆಧಾರ್ ದಾರಿಯನ್ನೇ ಕಡ್ಡಾಯ ಮಾಡಿದರು. ಅಂದರೆ ಏನಾಯಿತು? ಕೋಟಿ ಇಟ್ಟವನು ಬೆರಳು ತೋರಿಸದೆ ಖಾತೆ ಇಟ್ಟುಕೊಳ್ಳಬಹುದು. ಮಣ್ಣು ಹೊತ್ತು ದಿನದ ಕೂಲಿ ಕೇಳುವವರು ತಾವು ತಾವೇ ಎಂದು ಸಾಬೀತು ಮಾಡಬೇಕು. ಅನುಮಾನಕ್ಕೂ ಈ ದೇಶದಲ್ಲಿ ಜಾತಿ ವರ್ಗ ಇದೆ.

ಹಿಂದೆ ಮನಿಯಾರ್ಡರ್ ಬರುತ್ತಿದ್ದ ಕಾಲವನ್ನು ನೆನೆಯಿರಿ. ಬೊಂಬಾಯಿಗೋ ಬೆಂಗಳೂರಿಗೋ ಹೋದ ಮಗ ಹಣ ಕಟ್ಟಿದರೆ ಅಲ್ಲಿಗೆ ಅವನ ಕೆಲಸ ಮುಗಿಯುತ್ತಿರಲಿಲ್ಲ. ಅಂಚೆಯವನು ಮನೆ ಬಾಗಿಲಿಗೆ ಬಂದು ಹಣ ಎಣಿಸಿ ಕೈಗಿಟ್ಟು, ತಾಯಿಯ ಹೆಬ್ಬೆಟ್ಟು ತೆಗೆದುಕೊಂಡು, ಆ ಚೀಟಿ ತಿರುಗಿ ಮಗನಿಗೆ ಬಂದಾಗ 'ಮುಟ್ಟಿತು' ಅಂತ. ಸಾಬೀತು ಮಾಡುವ ಹೊರೆ ಕಳಿಸಿದವನ ಕಡೆ ಇತ್ತು. ಈಗ ಅದು ತಿರುವುಮುರುವಾಗಿದೆ. ಕಳಿಸಿದವನಿಗೆ ಗುಂಡಿ ಒತ್ತಿದ ಕೂಡಲೇ ಬಿಡುಗಡೆ. ಮುಟ್ಟಲಿಲ್ಲ ಎಂದು ಸಾಬೀತು ಮಾಡುವ ಹೊರೆ ಪಡೆಯಬೇಕಾದವರ ತಲೆಗೆ ಬಂದಿದೆ. ಇಲ್ಲದ್ದನ್ನು ಇಲ್ಲ ಎಂದು ಹೇಗೆ ಸಾಬೀತು ಮಾಡುವುದು? ನಿರ್ಬಂಧದ ಕಾಲದಲ್ಲಿ ಬ್ಯಾಂಕು ಫೋನಿಗೆ ಬಂದದ್ದನ್ನೇ ದೊಡ್ಡ ಬದಲಾವಣೆ ಅನ್ನುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಈ ಹೊರೆ ಹೆಗಲು ಬದಲಾಯಿಸಿದ್ದು.

ಕರ್ನಾಟಕದ್ದೇ ಒಂದು ಮಾತು. 2020ರ ಮೇ 6ರಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿಯ ಪರಿಹಾರ ಘೋಷಿಸಿದರು. ಅದರಲ್ಲಿ ಸುಮಾರು 60 ಸಾವಿರ ಮಡಿವಾಳರಿಗೆ, 2 ಲಕ್ಷ 30 ಸಾವಿರ ಕ್ಷೌರಿಕರಿಗೆ, 7 ಲಕ್ಷ 75 ಸಾವಿರ ಆಟೋ ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಒಂದು ಸಲಕ್ಕೆ. ಇನ್ನೊಬ್ಬರ ಬಟ್ಟೆ ಮುಟ್ಟಿ, ಇನ್ನೊಬ್ಬರ ತಲೆ ಮುಟ್ಟಿ ಬದುಕುವವರ ಕಸುಬು ಮೊದಲು ನಿಂತದ್ದನ್ನು ಸರ್ಕಾರ ಗುರುತಿಸಿತು, ಒಳ್ಳೆಯದೇ. ಆಟೋದವರು 'ಸೇವಾ ಸಿಂಧು'ವಿನಲ್ಲಿ ಆನ್‌ಲೈನ್ ಅರ್ಜಿ ಹಾಕಬೇಕಾಗಿತ್ತು. ಬರೆಯಲು ಬರುವ ಮಗನೋ ಮಗಳೋ ಮನೆಯಲ್ಲಿದ್ದವರು ಹಾಕಿಕೊಂಡರು. ಇಲ್ಲದವರು ಕಂಪ್ಯೂಟರ್ ಅಂಗಡಿಯ ಮುಂದೆ ನಿಂತರು. ಪರಿಹಾರ ಕೇಳುವುದಕ್ಕೂ ಮೊದಲು ಕಾಸು ಬಿಚ್ಚಬೇಕಾಯಿತು.

ಹೀಗೆ ಹಳೆಯ ಮಧ್ಯವರ್ತಿ ಹೋದ ಜಾಗಕ್ಕೆ ಹೊಸಬರು ಬಂದಿದ್ದಾರೆ. ಎಲ್ಲರೂ ಮೋಸಗಾರರಲ್ಲ. ಸುಡುವ ಬಿಸಿಲಲ್ಲಿ ಯಂತ್ರ ಹೊತ್ತು ಕೇರಿ ಕೇರಿ ಅಲೆದ ಬ್ಯಾಂಕ್ ಮಿತ್ರರಿದ್ದಾರೆ, ಅವರೂ ಬಡವರೇ. ಆದರೆ ಯಂತ್ರ ಆಡಿದ ಮಾತನ್ನು ಓದಲು ಬಾರದವರಿಗೆ ಅವರು ಹೇಳಿದ್ದೇ ಲೆಕ್ಕ. 'ಇವತ್ತು ಬಂದಿಲ್ಲ' ಅಂದರೆ ಬಂದಿಲ್ಲ. ಮನೆಯೊಳಗೂ ಇದೇ ಕತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ನೂರಕ್ಕೆ 54 ಮಂದಿ. ಉಳಿದವರ ಖಾತೆಗೆ ಹಣ ಬಂದ ಸುದ್ದಿ ಗಂಡನ ಫೋನಿಗೋ ಮಗನ ಫೋನಿಗೋ ಬರುತ್ತದೆ. ಖಾತೆ ಅವಳ ಹೆಸರಿನಲ್ಲಿ, ಗುಟ್ಟಿನ ನಂಬರು ಅವನ ಬಾಯಲ್ಲಿ! ನೋಟಿದ್ದ ಕಾಲದಲ್ಲಿ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ನಾಲ್ಕು ಕಾಸು ಅವಳೊಬ್ಬಳಿಗೇ ಗೊತ್ತಿತ್ತು. ಈಗ ಅವಳೊಬ್ಬಳಿಗೆ ಮಾತ್ರ ಗೊತ್ತಿಲ್ಲ.

ಫೋನಿನ ಹಣ ಇನ್ನೊಂದನ್ನೂ ಮಾಡುತ್ತದೆ, ಹೆಜ್ಜೆಗುರುತು ಬಿಡುತ್ತದೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಬೆಂಗಳೂರಿನ ಎಷ್ಟೋ ಅಂಗಡಿಗಳವರು ಕ್ಯೂಆರ್ ಚೌಕ ಕಿತ್ತು 'ನಗದು ಮಾತ್ರ' ಅಂತ ಬರೆದು ಹಾಕಿದರು. ತೆರಿಗೆ ಕಟ್ಟಬೇಕಾದವರು ಕಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರೋಗದ ಹೆಸರಿನಲ್ಲಿ ಅಭ್ಯಾಸವಾದ ಒಂದು ಅನುಕೂಲ ಮುಂದೆ ಯಾರ ಯಾರ ಕಣ್ಣಿಗೆ ಕಿಟಕಿಯಾಗುತ್ತದೆ ಎಂದು ಆ ತಳ್ಳುಗಾಡಿಯವರಿಗೆ ಮೊದಲೇ ಯಾರೂ ಹೇಳಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಫೋನು ಒಡೆಯಬೇಕಿಲ್ಲ. ಯಂತ್ರ ನಮ್ಮ ಶತ್ರುವಲ್ಲ, ಯಂತ್ರದ ಹಿಂದೆ ಅವಿತು ಕೂತ ಹೊಣೆಗೇಡಿತನ ನಮ್ಮ ಶತ್ರು. ಅದೇ ನಿರ್ಬಂಧದ ಕಾಲದಲ್ಲಿ ಅಂಚೆ ಬ್ಯಾಂಕಿನ ಅಂಚೆಯಣ್ಣಂದಿರು ಅದೇ ಯಂತ್ರ ಹಿಡಿದು ಮನೆ ಬಾಗಿಲಿಗೆ ಹೋಗಿ ಪಿಂಚಣಿ ಕೊಟ್ಟರು. ಮುದುಕಿ ನಡೆಯಲಿಲ್ಲ, ಹಣ ನಡೆದು ಬಂತು. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗಾಗಿ ನಮ್ಮ ಒತ್ತಾಯ ಇವು. ಬೆರಳು ಒಪ್ಪದಿದ್ದರೆ ಅದೇ ದಿನ, ಅದೇ ಜಾಗದಲ್ಲಿ ಬೇರೆ ದಾರಿಯಿಂದ ಹಣ ಕೊಡಬೇಕು. ಹಣ ಸಿಗದೆ ತಿರುಗಿ ಹೋದವರಿಗೆಲ್ಲ ಯಾಕೆ ಸಿಗಲಿಲ್ಲ ಎಂದು ಕನ್ನಡದಲ್ಲಿ ಬರೆದ ಚೀಟಿ ಕೊಡಬೇಕು. ನಗದು ಕೇಳುವ ಹಕ್ಕು ಉಳಿಯಬೇಕು. 'ಖಾತೆಗೆ ಜಮಾ ಮಾಡಿದೆವು' ಎಂಬ ಅಂಕಿಯ ಪಕ್ಕದಲ್ಲಿ 'ಕೈಗೆ ಮುಟ್ಟಿದೆ' ಎಂಬ ಅಂಕಿಯನ್ನೂ ಸರ್ಕಾರ ಪ್ರಕಟಿಸಬೇಕು. ಎರಡನೆಯದು ಬರುವ ತನಕ ಮೊದಲನೆಯದನ್ನು ದಾನ, ಉಪಕಾರ, ಸಾಧನೆ ಅಂತ ಹೇಳಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ಒಂದು ಕೆಲಸ ಇದೆ. ಭಾನುವಾರ ಕೇರಿಗೆ ಹೋಗಿ ಜಗಲಿಯ ಮೇಲೆ ಕೂತು ಪಾಸ್‌ಬುಕ್ಕುಗಳನ್ನು ಓದಿ ಹೇಳಿ. ಎಷ್ಟು ಜಮಾ ಆಗಿದೆ, ಎಷ್ಟು ತೆಗೆದಿದ್ದಾರೆ, ಅವರ ಕೈಗೆ ಎಷ್ಟು ಬಂದಿದೆ, ಮೂರನ್ನೂ ಬರೆದುಕೊಳ್ಳಿ. ಗುಟ್ಟಿನ ನಂಬರನ್ನು ಮಾತ್ರ ಕೇಳಬೇಡಿ. ಅದನ್ನು ಯಾರಿಗೂ ಹೇಳಬೇಡ ತಾಯಿ, ನಮಗೂ ಹೇಳಬೇಡ ಅಂತ ಹೇಳಿಕೊಡಿ. ಮೂರು ಲೆಕ್ಕ ಹೊಂದದೆ ಹೋದ ಕಡೆ ಆ ಹೆಂಗಸರ ಜೊತೆಯಲ್ಲೇ ಬ್ಯಾಂಕಿಗೆ ನಡೆಯಿರಿ. ಅವರ ಹಿಂದೆ ನಿಲ್ಲಿ, ಮಾತನ್ನು ಅವರೇ ಆಡಲಿ.